ಇಂಗ್ಲಿಷರ ಹರಕೆ ಮರ

ಬ್ರಿಟಿಷರ ಕಾಲದ ಗೆಜೆಟಿಯರುಗಳನ್ನು ತಿರುವಿಹಾಕಿದರೆ ನಮ್ಮವರ ಆಚಾರಗಳ ಬಗ್ಗೆ ಅಧಿಕಾರಿಗಳು ಪುಟಗಟ್ಟಲೆ ಬರೆದಿಟ್ಟಿರುವುದು ಕಾಣುತ್ತದೆ. ಯಾವ ಜಾತ್ರೆಗೆ ಏನು ಬಲಿ, ಯಾವ ಕಲ್ಲಿಗೆ ಯಾವ ಪೂಜೆ, ಹೆಚ್ಚುಕಮ್ಮಿ ಏನನ್ನೂ ಬಿಟ್ಟಿಲ್ಲ. ಈ ಉಪಕಾರ ಅಂದಿನಿಂದಲೂ ನಮ್ಮ ತಲೆಯ ಮೇಲೆ ಸಾಲವಾಗಿ ಕೂತಿದೆ. ಇಂಗ್ಲೆಂಡಿಗೆ ಕೆಲಸಕ್ಕೆಂದು ಬಂದು, ವಾರಾಂತ್ಯದಲ್ಲಿ ಹೊಲದ ದಾರಿ ಹಿಡಿದು ಅಡ್ಡಾಡುವ ಕನ್ನಡಿಗನಾದ ನಾನು ಅಸಲಲ್ಲದಿದ್ದರೆ ಬಡ್ಡಿಯನ್ನಾದರೂ ತೀರಿಸೋಣವೆಂದು ಇಲ್ಲಿನ ಸ್ಥಳೀಯರ ಒಂದು ಆಚರಣೆಯನ್ನು ದಾಖಲಿಸುತ್ತಿದ್ದೇನೆ.

ಇವರು ಬೇಲಿಗೆ ಹರಕೆ ಕಟ್ಟುತ್ತಾರೆ. ನಮ್ಮಲ್ಲಿ ಮಗು ಬೇಕೆಂದವರು ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುತ್ತಾರಲ್ಲ, ಹಾಗೆ. ಇಲ್ಲಿ ಕಟ್ಟುವುದು ನಾಯಿ ಹೊಲಸಿನ ಚೀಲವನ್ನು.

ಹಾಥಾರ್ನ್ ಎಂಬ ಮುಳ್ಳುಗಿಡದ ಬೇಲಿ ಇದಕ್ಕೆ ಶ್ರೇಷ್ಠ. ಎದೆ ಮಟ್ಟದ ಕೊಂಬೆಯಾಗಬೇಕು, ತುದಿಯಲ್ಲೊಂದು ಗಟ್ಟಿ ಮುಳ್ಳಿರಬೇಕು. ಮುಷ್ಟಿ ಗಾತ್ರದ ಚೀಲದ ಎರಡು ಕಿವಿಗಳನ್ನು ಜೋಡಿಗಂಟು ಹಾಕಿ ಆ ಮುಳ್ಳಿಗೆ ಸಿಕ್ಕಿಸುತ್ತಾರೆ. ಬಡವರದು ಕಪ್ಪು ಚೀಲ, ಪರಿಸರಪ್ರೇಮಿಗಳದು ಹಸಿರು, ರಸಿಕರದು ಪುಟ್ಟ ಪಾದಗಳ ಚಿತ್ರವಿರುವ, ಲ್ಯಾವೆಂಡರ್ ಪರಿಮಳ ಸೂಸುವ ಗುಲಾಬಿ. ಬೇಸಿಗೆಯಲ್ಲಿ ಎಲೆಯ ಮರೆಯಲ್ಲಿರುವ ಇವೆಲ್ಲ ನವೆಂಬರಿನಲ್ಲಿ ಬೇಲಿ ಬೋಳಾಗುತ್ತಿದ್ದಂತೆ ಒಟ್ಟಿಗೆ ದರ್ಶನ ಕೊಡುತ್ತವೆ. ಒಳಗಿನ ವಸ್ತು ಎಂದೋ ಒಣಗಿ ಬಿಳಿಚಿದ್ದರೂ ಚೀಲ ಮಾತ್ರ ಅಂಗಡಿಯಿಂದ ಈಗ ತಂದಷ್ಟು ಹೊಸದು.

ವಿಧಿಯನ್ನು ಹತ್ತಿರದಿಂದ ನೋಡಿದವರಿಗೇ ಅದರ ಮರ್ಮ ಹೊಳೆಯುವುದು. ನಾಯಿ ಒಂದು ಸುತ್ತು ಹಾಕುತ್ತದೆ, ಬೆನ್ನು ಬಗ್ಗಿಸುತ್ತದೆ, ಮುಖದಲ್ಲಿ ಒಂದು ಬಗೆಯ ತತ್ತ್ವಜ್ಞಾನಿಯ ಕಳೆ ಬರುತ್ತದೆ. ಆ ಕ್ಷಣ ಮಾಲೀಕನ ಕಣ್ಣು ಹೋಗುವುದು ನಾಯಿಯ ಕಡೆಗಲ್ಲ, ದಾರಿಯ ಎರಡೂ ಕೊನೆಗಳ ಕಡೆಗೆ. ಯಾರೂ ಇಲ್ಲವೆಂದರೆ ಆತ ತಟ್ಟನೆ ಪಕ್ಷಿವೀಕ್ಷಕನಾಗುತ್ತಾನೆ. ಯಾರೋ ಬರುತ್ತಿದ್ದಾರೆಂದರೆ ಪಟ್ಟಿಗೆ ನೇತುಹಾಕಿದ ಮೂಳೆಯಾಕಾರದ ಡಬ್ಬಿಯಿಂದ ಸರ್ರನೆ ಚೀಲ ಎಳೆದು, ಕೈಗೆ ಗವಸಿನಂತೆ ತೊಟ್ಟು, ಬಗ್ಗಿ, ಮೂಗಿನಲ್ಲಿ ಉಸಿರು ಹಿಡಿದು, ಬಿಸಿಬಿಸಿಯಾಗಿರುವುದನ್ನು ಬಾಚಿ, ಚೀಲ ಮಗುಚಿ, ಗಂಟು ಹಾಕಿ, ಎದುರಿಗೆ ಬಂದವರಿಗೆ "ಎಂಥ ಚಂದದ ಬೆಳಗು" ಎಂದು ಹೇಳಿ ಮುಂದೆ ಹೋಗುತ್ತಾನೆ. ತಿರುವು ದಾಟಿದ ಮೇಲೆ ಹಾಥಾರ್ನ್ ಮುಳ್ಳು ಸಿಗುತ್ತದೆ.

ಗಮನಿಸಿ, ಈ ಕೆಲಸದಲ್ಲಿ ಅಸಹ್ಯದ ಭಾಗವಿರುವುದು ಮೊದಲರ್ಧದಲ್ಲಿ. ಬಗ್ಗುವುದು, ಬಾಚುವುದು, ಅಂಗೈಗೆ ಬಿಸಿ ತಾಗಿಸಿಕೊಳ್ಳುವುದು ಎಲ್ಲವೂ ಅಲ್ಲೇ ಮುಗಿಯಿತು. ಉಳಿದರ್ಧ ಏನು? ಚೀಲ ಹಿಡಿದುಕೊಂಡು ನಡೆಯುವುದು. ಹೇಗೂ ನಡೆಯುವುದಕ್ಕೇ ಬಂದವನು. ಕಷ್ಟದ ಅರ್ಧವನ್ನು ಮಾಡಿ ಸುಲಭದ ಅರ್ಧವನ್ನು ಬಿಡುವ ಮನುಷ್ಯನನ್ನು ನಾನು ಬೇರೆ ಯಾವ ಕ್ಷೇತ್ರದಲ್ಲೂ ಕಂಡಿಲ್ಲ. ಹಾಗೇ ಬಿಟ್ಟಿದ್ದರೆ ಮಳೆ, ಗೊಂಡೆಹುಳು, ಸಗಣಿಹುಳು ಸೇರಿ ಕೆಲ ವಾರಗಳಲ್ಲಿ ಕಣ್ಣಿನಿಂದಲಾದರೂ ಮರೆಮಾಡುತ್ತಿದ್ದ ಪದಾರ್ಥಕ್ಕೆ ಪಾಲಿಥಿನ್ ಹೊದಿಸಿ, ಗಂಟು ಬಿಗಿದು, ನೆಲದಿಂದ ನಾಲ್ಕಡಿ ಮೇಲೇರಿಸಿ ಚಿರಾಯುವಾಗು ಎಂದು ಹರಸಿದಂತಾಯಿತು. ಚೀಲ ಇರುವುದು ದಾರಿಯ ಶುಚಿಗೆಂದು ನಂಬಿದ್ದವರು ನಂಬಿಕೆ ಬದಲಿಸಿಕೊಳ್ಳಬೇಕು. ಅದು ಇರುವುದು ಮರ್ಯಾದೆಯ ಶುಚಿಗೆ. ಎದುರಿಗೆ ಬಂದವರು ದಾಟಿಹೋದ ಕ್ಷಣವೇ ಅದರ ಡ್ಯೂಟಿ ಮುಗಿಯಿತು.

ಒಮ್ಮೆ ಧೈರ್ಯ ಮಾಡಿ ಒಬ್ಬ ಹಿರಿಯರನ್ನು ಕೇಳಿಯೇಬಿಟ್ಟೆ. ಮೇಣ ಸವರಿದ ಬಟ್ಟೆಯ ಜಾಕೆಟ್ಟು, ದುಬಾರಿ ಬೂಟು, ಜೊತೆಗೆ ನನಗಿಂತ ಒಳ್ಳೆಯ ಶ್ಯಾಂಪೂ ಬಳಸುವ ಲ್ಯಾಬ್ರಡಾರ್.

"ಇಲ್ಲಿ ಬಿಟ್ಟಿದ್ದೀರಲ್ಲ?"

"ಬಿಟ್ಟಿಲ್ಲಪ್ಪ. ವಾಪಸ್ ಬರುವಾಗ ತಗೊಂಡು ಹೋಗ್ತೀನಿ."

ಆ ದಾರಿ ಚಕ್ರಾಕಾರದ್ದು. ಆರಂಭದ ಫಲಕದಲ್ಲೇ ಹಾಗೆಂದು ಬರೆದು ಬಾಣದ ಗುರುತು ಹಾಕಿದ್ದಾರೆ. ಅಲ್ಲಿ ಯಾರೂ ವಾಪಸ್ ಬರುವುದಿಲ್ಲ, ಎಲ್ಲರೂ ಮುಂದೆಯೇ ಹೋಗಿ ಕಾರು ನಿಲ್ಲಿಸಿದಲ್ಲಿಗೆ ಸೇರುತ್ತಾರೆ. ಇದನ್ನು ಹೇಳಿದಾಗ ಅವರು ಕೊಟ್ಟ ಎರಡನೇ ಉತ್ತರ, "ಅದು ಬಯೋಡಿಗ್ರೇಡಬಲ್." ಮೂರನೆಯದು ಇನ್ನೂ ಘನವಾದದ್ದು, "ದನ ಹಾಕಿದರೆ ಯಾರೂ ಕೇಳಲ್ಲ, ಕುದುರೆ ಹಾಕಿದರೆ ಕೇಳಲ್ಲ, ನಮ್ಮ ಮಾಂಟಿ ಮಾಡಿದರೆ ಮಾತ್ರ ದೊಡ್ಡ ವಿಷಯ."

ಮಾಂಟಿ ಪರವಾಗಿ ಮಂಡಿಸಿದ ಈ ವಾದಕ್ಕೆ ಸಗಣಿ ಸಾರಿಸಿದ ನೆಲದ ಮೇಲೆ ಬೆಳೆದ ನಮ್ಮಂಥವರೇ ಉತ್ತರ ಕೊಡಬೇಕು. ದನ ಆ ಹೊಲದ ಹುಲ್ಲನ್ನೇ ಮೇದು ಆ ಹೊಲಕ್ಕೇ ಹಿಂದಿರುಗಿಸುತ್ತದೆ. ಮಾಂಟಿ ಮಾತ್ರ ಸೂಪರ್‌ಮಾರ್ಕೆಟ್ಟಿನ ಡಬ್ಬಿಯಲ್ಲಿ ಬಂದ ಕೋಳಿ, ಮೀನು ತಿಂದು ಹೊಲಕ್ಕೆ ಬಂದು ಠೇವಣಿ ಇಡುತ್ತಾನೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು ಊರ ಸಮೀಪದ ಸಂರಕ್ಷಿತ ಪ್ರದೇಶಗಳಲ್ಲಿ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದರು: ನಾಯಿಗಳು ವರ್ಷಕ್ಕೆ ಹೆಕ್ಟೇರಿಗೆ 11 ಕಿಲೋ ಸಾರಜನಕ, 5 ಕಿಲೋ ರಂಜಕ ಸುರಿಯುತ್ತಿವೆ. ಹಾಗಾದರೆ ಒಳ್ಳೆಯದೇ ಅಲ್ಲವೇ, ಪುಕ್ಕಟೆ ಗೊಬ್ಬರ ಎನ್ನಬೇಡಿ. ಬಡ ಮಣ್ಣಿನಲ್ಲೇ ಬಾಳುವ ಕಾಡುಹೂಗಳಿಗೆ ಅದು ವಿಷ, ತುರಚೆಗಿಡಕ್ಕೆ ಹಬ್ಬ. ಮಾಂಟಿ ಓಡಾಡುವ ದಾರಿಯಂಚಿನಲ್ಲಿ ತುರಚೆ ಎಷ್ಟು ಸೊಂಪಾಗಿದೆ ಎಂದು ಚಡ್ಡಿ ಹಾಕಿಕೊಂಡು ನಡೆದವರಿಗೆ ಗೊತ್ತು.

ಇನ್ನು ರೈತನ ವಿಷಯ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡರಲ್ಲಿ ಸುಮಾರು 2,25,000 ಕಿಲೋಮೀಟರ್ ಸಾರ್ವಜನಿಕ ಹಕ್ಕಿನ ದಾರಿಗಳಿವೆ. ಬಹಳಷ್ಟು ಹಾದುಹೋಗುವುದು ಯಾರದೋ ಖಾಸಗಿ ಹೊಲದ ಮಧ್ಯೆ. ಜಮೀನು ರೈತನದು, ನಡೆಯುವ ಹಕ್ಕು ಎಲ್ಲರದು. ಇದೊಂದು ಅದ್ಭುತ ಏರ್ಪಾಡು, ನಮ್ಮಲ್ಲಿದ್ದಿದ್ದರೆ ಅರ್ಧ ಜನ ಕೋರ್ಟಿನಲ್ಲಿರುತ್ತಿದ್ದರು. ನಡೆಯುವ ಹಕ್ಕು ಮನುಷ್ಯನದು, ಆದರೆ ಅದರ ಬಾಲ ಹಿಡಿದು ಬರುವ ನಾಯಿಯ ಹೊಟ್ಟೆಯಲ್ಲಿ ನಿಯೋಸ್ಪೋರಾ ಎಂಬ ಪರೋಪಜೀವಿ ಇರಬಹುದು. ಹುಲ್ಲಿನ ಜೊತೆ ಅದು ಒಳಗೆ ಹೋದರೆ ಗಬ್ಬದ ಹಸು ಕಂದು ಹಾಕುತ್ತದೆ. ಒಮ್ಮೆ ತಗುಲಿದ ಹಸು ಜೀವಮಾನವಿಡೀ ಅದನ್ನು ಹೊತ್ತು ತಿರುಗುತ್ತದೆ, ಹುಟ್ಟುವ ಕರುವಿಗೂ ದಾಟಿಸುತ್ತದೆ, ಇಲ್ಲಿ ಅದಕ್ಕೆ ಲಸಿಕೆಯಿಲ್ಲ. ಟಾಕ್ಸೊಕಾರಾ ಎಂಬ ಹುಳದ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿದ್ದು, ಆಡುವ ಮಗುವಿನ ಕೈಯಿಂದ ಬಾಯಿಗೆ ಹೋಗಿ, ಅಪರೂಪಕ್ಕಾದರೂ ಕಣ್ಣನ್ನೇ ಕಳೆಯಬಲ್ಲದು. ಕರು ಕಳೆದುಕೊಂಡ ರೈತ ಗೇಟಿಗೆ ಒಂದು ಕಾಗದ ಅಂಟಿಸುತ್ತಾನೆ, ಭಾಷೆ ಸ್ವಲ್ಪ ಒರಟಾಗಿರುತ್ತದೆ. ಅದನ್ನೋದಿದ ನಾಯಿಪ್ರಿಯರು "ಹಳ್ಳಿಯವರಿಗೆ ನಗುಮುಖವೇ ಇಲ್ಲ" ಎಂದು ನೊಂದುಕೊಂಡು ಹೋಗುತ್ತಾರೆ.

ಕಾನೂನಿಲ್ಲವೇ? ಇದೆ, ಧಾರಾಳವಾಗಿದೆ. ನಾಯಿ ಹೊಲಸಿಗೆಂದೇ ಸಂಸತ್ತು 1996ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ನಾಯಿ ಮಾಡಿದ್ದು ಗೊತ್ತಾಗಲಿಲ್ಲ ಎನ್ನುವುದಾಗಲಿ, ಎತ್ತಲು ಏನೂ ಇರಲಿಲ್ಲ ಎನ್ನುವುದಾಗಲಿ ನೆಪವಾಗದು ಎಂದು ಅದರಲ್ಲೇ ಬರೆದಿಟ್ಟರು. ಆಹಾ ಎನ್ನುವಷ್ಟರಲ್ಲಿ ಮುಂದಿನ ಸಾಲು ಬರುತ್ತದೆ: ಬೇಸಾಯದ ಜಮೀನು, ಕಾಡು, ಜೌಗು, ಕುರುಚಲು ಬಯಲು ಇವುಗಳಿಗೆ ಕಾಯ್ದೆ ಅನ್ವಯಿಸದು. ಗಂಟೆಗೆ 40 ಮೈಲಿಗಿಂತ ಹೆಚ್ಚಿನ ವೇಗಮಿತಿಯಿರುವ ರಸ್ತೆಯ ಬದಿಗೂ ಅನ್ವಯಿಸದು. ಹೊಲಸಿಗೂ ವಾಹನದ ವೇಗಕ್ಕೂ ಏನು ಸಂಬಂಧವೆಂದು ಕೇಳಿದರೆ ವಕೀಲರು ಫೀಸು ಕೇಳುತ್ತಾರೆ. ಆ ಕಾಯ್ದೆ ಹೋಗಿ 2005ರದ್ದು ಬಂತು, ಆಮೇಲೆ 2014ರದ್ದು. ಈಗ ಯಾವ ಜಾಗ ಸೇರಬೇಕೆಂದು ಆಯಾ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಆದೇಶ ಹೊರಡಿಸಿ ನಿರ್ಧರಿಸಬೇಕು.

ದಂಡದ ತಮಾಷೆ ನೋಡಿ. 2014ರ ಕಾಯ್ದೆ ಸ್ಥಳದಲ್ಲೇ ಹಾಕುವ ದಂಡಕ್ಕೆ 100 ಪೌಂಡಿನ ಮಿತಿ ಹಾಕಿತು. ಇತ್ತ ಕಸ ಎಸೆಯುವವರ ದಂಡದ ಮಿತಿಯನ್ನು 2023ರಲ್ಲಿ 500 ಪೌಂಡಿಗೆ ಏರಿಸಿದರು. ಆಗಿನ ಲೆಕ್ಕದಲ್ಲಿ ಹೊಲಸನ್ನು ಹಾಗೇ ಬಿಟ್ಟವನು ನೂರರ ಗಿರಾಕಿ. ಅದನ್ನೇ ಬಗ್ಗಿ ಎತ್ತಿ ಚೀಲಕ್ಕೆ ತುಂಬಿ ಬೇಲಿಗೆ ಸಿಕ್ಕಿಸಿದವನು ಕಸ ಹಾಕಿದ ಲೆಕ್ಕಕ್ಕೆ ಬಂದು ಐನೂರರ ಗಿರಾಕಿಯಾದಾನು. ಆದರೆ ಇಬ್ಬರೂ ಸಿಕ್ಕಿಬೀಳುವುದಿಲ್ಲವಾದ್ದರಿಂದ ಈ ಅನ್ಯಾಯ ಯಾರನ್ನೂ ಕಾಡಿಲ್ಲ. ಸಾಕ್ಷಿ ಬೇಕಲ್ಲ! ಮಳೆಗಾಲದ ಬೆಳಗಿನ ಆರು ಗಂಟೆಗೆ, ಊರಾಚೆಯ ಕೆಸರಿನಲ್ಲಿ, ಪೊದೆಯ ಹಿಂದೆ ಕೂತು ನಾಯಿಯ ಹಿಂಭಾಗವನ್ನೇ ನೋಡುವ ಸರ್ಕಾರಿ ನೌಕರಿಗೆ ಅರ್ಜಿ ಹಾಕುವವರು ಯಾರು?

ಹಿಂದೆ ನಾಯಿ ಸಾಕಲು ಲೈಸೆನ್ಸ್ ಬೇಕಿತ್ತು. ಶುಲ್ಕ 37 ಪೆನ್ಸ್. ವಸೂಲಿಯ ಖರ್ಚೇ ಹೆಚ್ಚೆಂದು 1987ರಲ್ಲಿ ಅದನ್ನೂ ತೆಗೆದರು. ಇಂದು ಬಹುತೇಕ ನಾಯಿಗಳ ಚರ್ಮದಡಿ ಮೈಕ್ರೋಚಿಪ್ ಇದೆ, ಇಂಗ್ಲೆಂಡಿನಲ್ಲಿ 2016ರಿಂದ ಅದು ಕಡ್ಡಾಯ. ಮುಂಭಾಗದಿಂದ ಸಿಕ್ಕ ನಾಯಿಯ ಮಾಲೀಕ ಯಾರೆಂದು ಕ್ಷಣದಲ್ಲಿ ಹೇಳಬಹುದು. ಹಿಂಭಾಗದಿಂದ ಬಿದ್ದದ್ದು ಮಾತ್ರ ಅನಾಥ.

ಅನಾಥ ಆಗಿರಲಿಲ್ಲ ಒಂದು ಕಾಲದಲ್ಲಿ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಬರ್ಮಂಡ್ಸಿಯ ಚರ್ಮ ಹದಮಾಡುವವರು ಇದನ್ನು ಬಕೆಟ್ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ತೆಳು ಚರ್ಮವನ್ನು ಮೃದುಮಾಡಲು ಇದಕ್ಕಿಂತ ಒಳ್ಳೆಯದಿಲ್ಲ ಎಂಬ ನಂಬಿಕೆಯಿತ್ತು. ಮುದುಕ ಮುದುಕಿಯರು ಬೀದಿಬೀದಿ ಸುತ್ತಿ ಆರಿಸಿ ಹೊಟ್ಟೆ ಹೊರೆಯುತ್ತಿದ್ದರು, ಒಳ್ಳೆಯ ಜಾಗಕ್ಕೆ ಪೈಪೋಟಿಯೂ ಇತ್ತು. ಶ್ರೀಮಂತರ ಗವಸುಗಳ ಮೃದುತ್ವದ ಹಿಂದೆ ಏನಿತ್ತೆಂದು ಕೈ ಕುಲುಕುವಾಗ ಯಾರೂ ಯೋಚಿಸಲಿಲ್ಲ. ರಸ್ತೆ ಶುಚಿಗೆ ಆಗ ಕಾಯ್ದೆ ಬೇಕಾಗಲಿಲ್ಲ, ಬಡತನ ಸಾಕಾಗಿತ್ತು.

ಈಗಿನವರು ಕಂಡುಕೊಂಡ ಪರಿಹಾರಗಳೂ ಸಾಮಾನ್ಯವಲ್ಲ. ಕೀಪ್ ಬ್ರಿಟನ್ ಟೈಡಿ ಎಂಬ ಸಂಸ್ಥೆ ಕತ್ತಲಲ್ಲಿ ಹೊಳೆಯುವ ದೊಡ್ಡ ಕಣ್ಣುಗಳ ಪೋಸ್ಟರ್ ಅಂಟಿಸಿತು. ಲಂಡನ್ನಿನ ಅಂಚಿನ ಬಾರ್ಕಿಂಗ್ ಮತ್ತು ಡಾಗೆನಮ್ ಕೌನ್ಸಿಲ್ ನಾಯಿಗಳ ಡಿಎನ್‌ಎ ತೆಗೆದು ಹೊಲಸಿಗೆ ಹೋಲಿಸಿ ನೋಡುವ ಯೋಜನೆ ಹಾಕಿತು. ಕೊಲೆಗಾರರನ್ನು ಹಿಡಿಯುವ ವಿಜ್ಞಾನಕ್ಕೆ ಬಂದ ಗತಿ ನೋಡಿ. ಸ್ಪೇನಿನ ಬ್ರುನೆಟೆ ಊರಿನವರು 2013ರಲ್ಲಿ ಇದನ್ನೆಲ್ಲ ಮೀರಿಸಿದರು: ಸ್ವಯಂಸೇವಕರು ಮಾಲೀಕರ ಜೊತೆ ಮಾತಿಗೆ ನಿಂತು ನಾಯಿಯ ಹೆಸರು ಕೇಳಿಕೊಂಡು, ಪುರಸಭೆಯ ಪಟ್ಟಿಯಲ್ಲಿ ವಿಳಾಸ ಹುಡುಕಿ, ಬಿಟ್ಟುಹೋದದ್ದನ್ನು "ಕಳೆದುಹೋದ ವಸ್ತು" ಎಂದು ಬರೆದ ಪೆಟ್ಟಿಗೆಯಲ್ಲಿಟ್ಟು ಮನೆಬಾಗಿಲಿಗೆ ಮುಟ್ಟಿಸಿದರು. ಇತ್ತ ಇಂಗ್ಲೆಂಡಿನ ಮಾಲ್ವರ್ನ್ ಬೆಟ್ಟದ ತಪ್ಪಲಲ್ಲಿ ಬ್ರಯನ್ ಹಾರ್ಪರ್ ಎಂಬವರು ಇದರ ಅನಿಲದಿಂದ ಉರಿಯುವ ಬೀದಿದೀಪವನ್ನೇ ಮಾಡಿದ್ದಾರೆ, ಹತ್ತು ಚೀಲಕ್ಕೆ ಎರಡು ಗಂಟೆ ಬೆಳಕು. ನಮ್ಮ ದಾರಿಯ ಬೇಲಿಯನ್ನು ಅಲ್ಲಿಗೆ ಒಯ್ದರೆ ದೀಪಾವಳಿ ಮಾಡಬಹುದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅರಣ್ಯ ಇಲಾಖೆಯ ಸಲಹೆ. ಕಾಡಿನಲ್ಲಿ ಚೀಲವೇ ಬೇಡ, ಒಂದು ಕಡ್ಡಿ ತೆಗೆದುಕೊಂಡು ಹೊಲಸನ್ನು ದಾರಿಯಿಂದಾಚೆ ಪೊದೆಗೆ ಚಿಮ್ಮಿಸಿ ಎಂದು ಹೇಳಿ, ಮಕ್ಕಳ ಪದ್ಯದಂಥ ಪ್ರಾಸವನ್ನೂ ಹೊಸೆದಿದ್ದರು. ಚಿನ್ನಿದಾಂಡು ಆಡಿ ಬೆಳೆದ ನಮ್ಮವರಿಗೆ ಇದು ಹೇಳಿಮಾಡಿಸಿದ್ದು. ಆದರೆ 1951ರಿಂದ ಇರುವ ಹಳ್ಳಿಗಾಡಿನ ನಡವಳಿಕೆ ಸಂಹಿತೆಯ ಈಗಿನ ಆವೃತ್ತಿ ಚೀಲಕ್ಕೆ ಹಾಕಿ ಕಸದ ತೊಟ್ಟಿಗೆ ಹಾಕಿ ಎನ್ನುತ್ತದೆ. ಒಂದು ಸರ್ಕಾರಿ ಬಾಯಿ ಚಿಮ್ಮಿಸು ಎಂದದ್ದನ್ನು ಇನ್ನೊಂದು ಬಾಯಿ ಕಟ್ಟು ಎಂದರೆ ಪ್ರಜೆ ಎರಡಕ್ಕೂ ಗೌರವ ಕೊಟ್ಟು ಕಟ್ಟಿ ಚಿಮ್ಮಿಸುತ್ತಾನೆ. ಬೇಲಿಯಾಚೆ ಮರದ ತುದಿಯಲ್ಲಿ, ಹೆಂಗಸರ ಕೈಗಾಗಲಿ ಗಂಡಸರ ಕೋಲಿಗಾಗಲಿ ಎಟುಕದ ಎತ್ತರದಲ್ಲಿ ತೂಗುವ ಚೀಲಗಳ ರಹಸ್ಯ ಇದೇ ಇರಬೇಕು.

ಹಾಗಾದರೆ ದಾರಿಯಲ್ಲೊಂದು ತೊಟ್ಟಿ ಇಡಬಾರದೇ ಎಂದು ನೀವು ಕೇಳುತ್ತೀರಿ. ನಮ್ಮ ಗ್ರಾಮ ಪಂಚಾಯಿತಿಯಂಥದ್ದೇ ಆದ ಹಳ್ಳಿಯ ಪ್ಯಾರಿಷ್ ಕೌನ್ಸಿಲ್ ಸಭೆಯಲ್ಲಿ ಅದನ್ನೇ ಕೇಳಿದರು. ಚರ್ಚಿನ ಗಡಿಯಾರ ಏಳು ನಿಮಿಷ ಹಿಂದಿರುವ ಬಗೆಗಿನ ಚರ್ಚೆ ಮುಗಿದ ಮೇಲೆ ವಿಷಯ ಬಂತು. ತೊಟ್ಟಿ ಕೊಳ್ಳುವುದು ಪ್ಯಾರಿಷ್, ಖಾಲಿ ಮಾಡಬೇಕಾದ್ದು ಅದರ ಮೇಲಿನ ಡಿಸ್ಟ್ರಿಕ್ಟ್ ಕೌನ್ಸಿಲ್. ಆ ಓಣಿಗೆ ಲಾರಿ ತಿರುಗುವುದಿಲ್ಲ ಎಂದು ಡಿಸ್ಟ್ರಿಕ್ಟ್‌ನಿಂದ ಪತ್ರ ಬಂದಿತ್ತು. ನನ್ನ ಗೇಟಿನ ಬಳಿ ಬೇಡ ಎಂದ ರೈತ. ತೊಟ್ಟಿ ಇಟ್ಟರೆ ಪಕ್ಕದ ಊರಿನ ನಾಯಿಗಳೂ ಬರುತ್ತವೆ ಎಂದರು ಒಬ್ಬ ನಿವೃತ್ತ ಮೇಷ್ಟ್ರು. ಬೆಟ್ಟದ ನೋಟ ಕೆಡುತ್ತದೆ ಎಂದು ಇನ್ನೊಬ್ಬರು ಆಕ್ಷೇಪಿಸಿದಾಗ ನೋಟದ ಮುಂದೆ ಈಗ ಏನು ತೂಗುತ್ತಿದೆ ಎಂದು ಯಾರೂ ಹೇಳಲಿಲ್ಲ. ಮೇಣದ ಜಾಕೆಟ್ಟಿನ ನಮ್ಮ ಹಿರಿಯರೂ ಮುಂದಿನ ಸಾಲಿನಲ್ಲೇ ಇದ್ದು, ಬೇಜವಾಬ್ದಾರಿ ಮಾಲೀಕರ ವಿರುದ್ಧ ಕಟುವಾಗಿಯೇ ಮಾತಾಡಿದರು. ಕೊನೆಗೆ ತೊಟ್ಟಿಯ ಬದಲು ಒಂದು ಫಲಕ ನೆಡುವುದೆಂದು ತೀರ್ಮಾನವಾಯಿತು. ಅದರಲ್ಲಿ "ದಯವಿಟ್ಟು" ಒಂದು ಸಲ ಇದ್ದರೆ ಸಾಕೋ ಎರಡು ಸಲ ಬೇಕೋ ಎಂಬ ಬಗ್ಗೆ ಒಮ್ಮತ ಮೂಡದೆ ವಿಷಯವನ್ನು ಮುಂದಿನ ಸಭೆಗೆ ಹಾಕಿದ್ದಾರೆ.