ಖಾಲಿ ಉಳಿದ ಒಂದು ಸಾಲು

ಮಗಳನ್ನು ಶಾಲೆಗೆ ಸೇರಿಸುವಾಗ ಕೊಟ್ಟ ಅರ್ಜಿಯಲ್ಲಿ ಒಂದು ಸಾಲಿತ್ತು: ತುರ್ತಿನಲ್ಲಿ ಕರೆಯಬೇಕಾದವರು, ತಂದೆ ತಾಯಿಯನ್ನು ಬಿಟ್ಟು, ಇದೇ ಊರಿನವರು. ಉಳಿದದ್ದನ್ನೆಲ್ಲ ಐದು ನಿಮಿಷದಲ್ಲಿ ತುಂಬಿದ್ದೆ. ಆ ಸಾಲಿಗೆ ಬಂದಾಗ ಪೆನ್ನು ನಿಂತುಬಿಟ್ಟಿತು. ಅಮೆರಿಕಕ್ಕೆ ಬಂದು ಆಗಲೇ ನಾಲ್ಕು ವರ್ಷವಾಗಿತ್ತು. ನಗುತ್ತಾ ಮಾತನಾಡಿಸುವ ಸಹೋದ್ಯೋಗಿಗಳಿದ್ದರು, ಕನ್ನಡ ಕೂಟದ ಪರಿಚಯಸ್ಥರಿದ್ದರು. ಆದರೆ ಮಟಮಟ ಮಧ್ಯಾಹ್ನ ಕೆಲಸ ಬಿಟ್ಟು ಓಡಿಹೋಗಿ ನನ್ನ ಮಗುವನ್ನು ಕರೆತನ್ನಿ ಎಂದು ಹೇಳುವಷ್ಟು ಸಲಿಗೆ ಯಾರ ಬಳಿ ಇತ್ತು? ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು.

ವಲಸೆಯ ಕಷ್ಟವೆಂದರೆ ಚಳಿ, ಭಾಷೆ, ಒಂಟಿತನ ಎನ್ನುತ್ತಾರೆ. ಚಳಿಯೂ ಭಾಷೆಯೂ ಒಂದೆರಡು ವರ್ಷದಲ್ಲಿ ಒಗ್ಗಿಹೋಗುತ್ತವೆ. ನನಗೆ ಬಹುಕಾಲ ಒಗ್ಗದೇ ಉಳಿದದ್ದು ಬಾಯಿಬಿಟ್ಟು ನೆರವು ಕೇಳುವುದು. ನಾನು ಬೆಳೆದ ಕಡೆ ಕಷ್ಟವೆಂದರೆ ಜನ ಕೇಳದೆಯೇ ಬರುತ್ತಾರೆ. ಕೇಳಬೇಕಾಗಿ ಬಂತೆಂದರೆ ನಮಗೆ ಯಾರೂ ಇಲ್ಲ ಎಂದು ಒಪ್ಪಿಕೊಂಡ ಹಾಗೆ. ಇಲ್ಲಿಯವರು ಕರೆಯದೆ ಇನ್ನೊಬ್ಬರ ಕಷ್ಟದೊಳಗೆ ಕಾಲಿಡಲು ಹಿಂಜರಿಯುತ್ತಾರೆ, ಅದು ಅವರ ಮರ್ಯಾದೆ. ಇದು ಅರ್ಥವಾಗದೆ ವರ್ಷಗಟ್ಟಲೆ ಇವರಿಗೆ ಅಂತಃಕರಣವೇ ಇಲ್ಲ ಎಂದುಕೊಂಡಿದ್ದೆ. ಕೊನೆಗೆ ಸಂಕೋಚದಿಂದಲೇ ಪಕ್ಕದ ಮನೆಯ ಹಿರಿಯ ಹೆಂಗಸಿನ ಬಾಗಿಲು ತಟ್ಟಿದೆ. ಅವರು ಅಲ್ಲೇ ನಿಂತು ತಮ್ಮ ಹೆಸರು, ದೂರವಾಣಿ ಸಂಖ್ಯೆ ಬರೆದುಕೊಟ್ಟು, “ಇಷ್ಟು ದಿನ ಯಾಕೆ ಕೇಳಲಿಲ್ಲ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕಾಗದಪತ್ರಗಳ ಕಷ್ಟ ಇನ್ನೊಂದು ಬಗೆಯದು. ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಇಲ್ಲಿ ಬೆಳಗಿನ ಜಾವ ಮೂರು ಗಂಟೆ. ಹೊರದೇಶದ ನೌಕರರಿಗೆ ಕೊಡುವ ಎಚ್-1ಬಿ ಮೇಲೆ ಇಲ್ಲಿರುವ ಅನುಮತಿ ನವೀಕರಣಗೊಂಡಿತ್ತು, ಆದರೆ ಪಾಸ್‌ಪೋರ್ಟಿನಲ್ಲಿದ್ದ ವೀಸಾದ ಅವಧಿ ಮುಗಿದಿತ್ತು. ಇವೆರಡೂ ಬೇರೆ ಬೇರೆ ಎಂಬುದು ಊರಿನಲ್ಲಿರುವವರಿಗೆ ಗೊತ್ತಿರುವುದಿಲ್ಲ. ಹೊರಟು ಹೋಗಲು ಯಾರ ಅಡ್ಡಿಯೂ ಇಲ್ಲ. ಮರಳಿ ಬರಬೇಕಾದರೆ ಹೊರಗಿನ ದೂತಾವಾಸದಿಂದ ಹೊಸ ವೀಸಾ ಪಡೆಯಬೇಕು, ಅದಕ್ಕೆ ದಿನಾಂಕ ಸಿಗಬೇಕು. ತಡವಾಗಿ ಕೆಲಸ ಕೈತಪ್ಪಿದರೆ ಹೆಂಡತಿ ಮಕ್ಕಳ ವಾಸದ ಅನುಮತಿಯೂ ಅದರೊಂದಿಗೇ ಹೋಗುತ್ತದೆ. ಇಲ್ಲೇ ಇದ್ದು ಕೆಲಸ ಕಳೆದುಕೊಂಡರೂ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಆ ಹೊತ್ತಿನಲ್ಲಿ ಇದನ್ನೆಲ್ಲ ಲೆಕ್ಕ ಹಾಕಿದ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಪ್ಪನ ಮುಖವನ್ನು ಕೊನೆಗೆ ನೋಡಿದ್ದು ತಮ್ಮ ಹಿಡಿದಿದ್ದ ಮೊಬೈಲಿನಲ್ಲಿ. ಅವನ ಕೈ ನಡುಗುತ್ತಿತ್ತು, ಅಪ್ಪನ ಮುಖ ಪರದೆಯಿಂದ ಆಗಾಗ ಜಾರಿಹೋಗುತ್ತಿತ್ತು. ಒಂಬತ್ತು ಗಂಟೆಗೆ ಕಚೇರಿಯ ಸಭೆಯಲ್ಲಿ ಕುಳಿತಿದ್ದೆ. ರಜೆ ಕೊಡುತ್ತಿದ್ದರು, ನಾನೇ ಕೇಳಲಿಲ್ಲ.

ಇಲ್ಲೇ ಕಾಯಂ ನೆಲೆಸುವ ಅನುಮತಿಯಾದ ಗ್ರೀನ್ ಕಾರ್ಡ್ ಪಡೆದುಬಿಡಬಹುದಲ್ಲ ಎಂದು ನೆಂಟರು ಕೇಳುತ್ತಾರೆ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡುವುದು ಸುಮಾರು 1,40,000. ಸಾಮಾನ್ಯವಾಗಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಸಿಗುವುದಿಲ್ಲ. ದೇಶ ಚಿಕ್ಕದಿರಲಿ, ಭಾರತದಷ್ಟು ದೊಡ್ಡದಿರಲಿ, ಮಿತಿ ಒಂದೇ. ಹಾಗಾಗಿ ನಮ್ಮವರ ಸರದಿ ದಶಕಗಳಷ್ಟು ಉದ್ದ. ಕಾಯುತ್ತಿರುವಾಗಲೇ ಮಕ್ಕಳಿಗೆ 21 ತುಂಬಿದರೆ ಎಷ್ಟೋ ಮಕ್ಕಳು ತಂದೆ ತಾಯಿಯ ಅರ್ಜಿಯಿಂದ ಹೊರಬೀಳುತ್ತಾರೆ. ಇಲ್ಲೇ ಅಕ್ಷರ ಕಲಿತ ಮಗು ತಾನೇ ಇನ್ನೊಂದು ವೀಸಾ ಹುಡುಕಿಕೊಳ್ಳಬೇಕು. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಇದನ್ನೆಲ್ಲ ಹೇಳಿಕೊಂಡರೆ “ನೀನೇ ಇಷ್ಟಪಟ್ಟು ಹೋದದ್ದಲ್ಲವೇ?” ಎಂಬ ಮಾತು ಬರುತ್ತದೆ. ಹೌದು, ನಾನೇ ಹೋದದ್ದು, ಒಳ್ಳೆಯ ಸಂಬಳಕ್ಕೇ ಹೋದದ್ದು. ಅದರಿಂದ ಅಪ್ಪನಿಲ್ಲದ ನೋವು ಕಡಿಮೆಯಾಗುತ್ತದೆಯೇ? ಕಳೆದುಹೋಗಿಯೂ ಪೂರ್ತಿ ಕಳೆದುಹೋಗದ ಇಂಥ ಅಗಲಿಕೆಗೆ ಅಮೆರಿಕದ ಸಂಶೋಧಕಿ ಪೌಲಿನ್ ಬಾಸ್ 1970ರ ದಶಕದಲ್ಲೇ ‘ಆಂಬಿಗ್ಯುಯಸ್ ಲಾಸ್’ (ಅಸ್ಪಷ್ಟ ಅಗಲಿಕೆ) ಎಂದು ಹೆಸರಿಟ್ಟರು. ವಲಸೆ ಬಂದವರ ದುಃಖವನ್ನೂ ಅವರು ಅದರಲ್ಲಿ ಸೇರಿಸಿದ್ದಾರೆ. ಅದನ್ನು ಓದಿದ ದಿನ, ನನ್ನದೇನೂ ಅತಿಯಲ್ಲ ಎಂದು ಸಮಾಧಾನವಾಯಿತು.

ದೂರವಿರುವವರ ನಡುವೆ ಸುಳ್ಳು ಬಲುಬೇಗ ಬೆಳೆಯುತ್ತದೆ, ಅದೂ ಪ್ರೀತಿಯಿಂದಲೇ. ಕಚೇರಿಯಲ್ಲಿ ಜನರನ್ನು ತೆಗೆಯುತ್ತಿದ್ದ ತಿಂಗಳುಗಳಲ್ಲಿ ನಾನು ಅಮ್ಮನಿಗೆ “ಎಲ್ಲ ಚೆನ್ನಾಗಿದೆ” ಎನ್ನುತ್ತಿದ್ದೆ. ಅದೇ ದಿನಗಳಲ್ಲಿ ಅಮ್ಮ ಜಾರಿ ಬಿದ್ದು ಮೂರು ವಾರ ಮಲಗಿದ್ದಳು. “ಎಲ್ಲ ಚೆನ್ನಾಗಿದೆ” ಎಂದು ಅವಳೂ ಅನ್ನುತ್ತಿದ್ದಳು. ತಮ್ಮನಿಂದ ವಿಷಯ ತಿಳಿದ ಮೇಲೆ ಮನೆಯಿಂದ ಬರುವ ಪ್ರತಿ ಕರೆಗೂ ಎದೆ ಧಸಕ್ಕೆನ್ನುತ್ತಿತ್ತು. ಅವಳು ನಕ್ಕರೂ ಏನನ್ನೋ ಮುಚ್ಚಿಡುತ್ತಿದ್ದಾಳೆ ಅನ್ನಿಸುತ್ತಿತ್ತು. ಕಡೆಗೊಂದು ಭಾನುವಾರ ನಾನೇ ಮೊದಲು ನನ್ನ ಕೆಲಸದ ಭಯವನ್ನು ಹೇಳಿಕೊಂಡೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು.

ಕಳೆದ ವಾರ ಅವಳಾಗಿಯೇ ಫೋನ್ ಮಾಡಿ, ಮೊಣಕಾಲು ನೋವು ಹೆಚ್ಚಾಗಿದೆ, ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂದಳು. ಅಂದು ರಾತ್ರಿ ನನಗೆ ಗಾಢವಾದ ನಿದ್ದೆ ಬಂತು.