ಅಪ್ಪ ಕುಡೀತಾರೆ ಅಂತ ಡಾಕ್ಟರಿಗೆ ಹೇಳಿ

ಹೋದ ವರ್ಷ ತೊಗರಿ ರಾಶಿ ಹೊತ್ತಿಗೆ ಅಪ್ಪ ಅಂಗಳದಲ್ಲಿ ಜಾರಿ ಬಿದ್ದು ತೊಡೆ ಮೂಳೆ ಮುರಿದುಕೊಂಡರು. ವಯಸ್ಸು 71. ಚಿತ್ತಾಪುರ ಕಡೆಯ ನಮ್ಮೂರಿಂದ ಕಲಬುರಗಿಗೆ ತಂದು ಆಸ್ಪತ್ರೆಗೆ ಸೇರಿಸಿದೆವು. "ಕುಡಿಯೋ ಅಭ್ಯಾಸ ಇದೆಯಾ?" ಅಂತ ಡಾಕ್ಟರು ಕೇಳಿದರು. ಅಣ್ಣ ನನ್ನ ಮುಖ ನೋಡಿದ, ನಾನು ಅವ್ವನ ಮುಖ ನೋಡಿದೆ. "ಇಲ್ರೀ ಸಾಹೇಬ್ರ, ಹಂಗೇನಿಲ್ರಿ" ಅಂದಳು ಅವ್ವ.

ಮೂರನೇ ದಿನ ರಾತ್ರಿ ಅಪ್ಪ ಹಾಸಿಗೆ ಮೇಲಿಂದ ಇರುವೆ ಹೆಕ್ಕಿ ತೆಗೆಯೋಕೆ ಶುರು ಮಾಡಿದರು. ಅಲ್ಲಿ ಒಂದೂ ಇರುವೆ ಇರಲಿಲ್ಲ. ಯಾವತ್ತೋ ಮಾರಿದ ಎತ್ತನ್ನು ಹೆಸರು ಹಿಡಿದು ಕರೆದರು. ಮೈಯೆಲ್ಲಾ ಬೆವರು. ಕೈ ನಡುಗಿ ನಡುಗಿ ಸಲೈನ್ ಸೂಜಿ ಕಿತ್ತು ಬಂತು. "ಮುತ್ಯಾಗ ಅರಳುಮರಳು" ಅಂದರು ಪಕ್ಕದ ಹಾಸಿಗೆಯವರು. ನಾವೂ ಹಾಗೇ ಅಂದುಕೊಂಡಿದ್ವಿ. ರಾತ್ರಿ ಡ್ಯೂಟಿ ಡಾಕ್ಟರು ಮತ್ತೆ ಅದನ್ನೇ ಕೇಳಿದಾಗ ಅಣ್ಣ ಬಾಯಿ ಬಿಟ್ಟ. "ದಿನಾ ಒಂದು ಕ್ವಾರ್ಟರ್ ಬೇಕ್ರಿ, 30 ವರ್ಷ ಆತು."

ದಿನಾ ಕುಡಿಯೋರು ಒಮ್ಮೆಲೇ ನಿಲ್ಲಿಸಿದರೆ ಎರಡರಿಂದ ನಾಲ್ಕು ದಿನದೊಳಗೆ ಹೀಗಾಗಬಹುದಂತೆ. ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟರು, ನಡುಕ ಇಳಿಸೋ ಔಷಧಿಯನ್ನು ವಯಸ್ಸು ನೋಡಿ ಸ್ವಲ್ಪ ಸ್ವಲ್ಪವೇ ಕೊಟ್ಟರು. ಮೊದಲ ದಿನವೇ ನಿಜ ಹೇಳಿದ್ದರೆ ಆ ರಾತ್ರಿ ಬಹುಶಃ ಬರುತ್ತಲೇ ಇರಲಿಲ್ಲ. ಮನೆತನದ ಮರ್ಯಾದೆ ಅಂತ ನಾವೇ ಅಪ್ಪನನ್ನು ಸಾವಿನ ಬಾಗಿಲಿಗೆ ತಳ್ಳಿದ್ವಿ.

2007ರಲ್ಲಿ ಸಾರಾಯಿ ಬಂದ್ ಆದಾಗ ಬಿಡ್ತಾರೆ ಅಂದುಕೊಂಡಿದ್ವಿ. ಸಾರಾಯಿ ಪಾಕೀಟು ಹೋಗಿ ವಿಸ್ಕಿ ಪಾಕೀಟು ಬಂತು, ಅಷ್ಟೇ. ಆಮೇಲೆ ಎಲ್ಲರೂ "ಈ ವಯಸ್ಸಲ್ಲಿ ಏನ್ ಬಿಡ್ತಾರೆ, ಇರೋಷ್ಟು ದಿನ ಕುಡೀಲಿ ಬಿಡು" ಅನ್ನೋಕೆ ಶುರು ಮಾಡಿದರು. ನನಗೆ ಈಗ ಅತಿ ಹೆಚ್ಚು ಸಿಟ್ಟು ಬರೋದು ಈ ಮಾತಿಗೇ. ವಯಸ್ಸಾದಂತೆ ಮೈಯಲ್ಲಿ ನೀರಿನ ಅಂಶ ಕಮ್ಮಿಯಾಗುತ್ತೆ. ಅದೇ ಕ್ವಾರ್ಟರ್ ಜಾಸ್ತಿ ಏರುತ್ತೆ. ಜೊತೆಗೆ ಬಿಪಿ, ಶುಗರ್ ಮಾತ್ರೆ. ಬೀಳೋದು, ಮರೆಯೋದು ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೀತೀವಿ. ಚಿಕಿತ್ಸೆ ಸಿಕ್ಕರೆ ವಯಸ್ಸಾದವರೂ ಹರೆಯದವರಷ್ಟೇ ಚೆನ್ನಾಗಿ ಸುಧಾರಿಸ್ತಾರೆ. ಅಲ್ಲಿಗೆ ಕರ್ಕೊಂಡು ಹೋಗೋರು ಬೇಕಲ್ವಾ?

ದಯವಿಟ್ಟು ಮನೆಯಲ್ಲೇ ಕೂಡಿಹಾಕಿ ಬಿಡಿಸೋಕೆ ಹೋಗಬೇಡಿ. ಗೊತ್ತಾಗದಂತೆ ಸಾರಿನಲ್ಲಿ ಕುಡಿತ ಬಿಡಿಸೋ ಪುಡಿ ಬೆರೆಸಿ ಕೊಡಲೇಬೇಡಿ. ಅಂಥ ಕೆಲವು ಮದ್ದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಬಿಪಿ ಬಿದ್ದುಹೋಗುತ್ತೆ, ಹೃದಯದ ತೊಂದರೆ ಇದ್ದವರಿಗೆ ಪ್ರಾಣಕ್ಕೇ ಕುತ್ತು. ಅವ್ವಂದಿರ ನಿದ್ದೆ ಮಾತ್ರೆಯ ಮೇಲೂ ಒಂದು ಕಣ್ಣಿಡಿ. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗೋರು ನಮ್ಮನೆಯಲ್ಲೇ ಇದ್ದಾರೆ. ಅದನ್ನೂ ಡಾಕ್ಟರನ್ನು ಕೇಳಿ ನಿಧಾನವಾಗಿಯೇ ಇಳಿಸಬೇಕು.

ಎಲ್ಲಿ ಕೇಳೋದು ಅನ್ನೋರು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೂ ಹೋಗಬಹುದು. ಹೆಸರು ನೋಡಿ ಹಿಂಜರಿಯಬೇಡಿ.

ಅಪ್ಪ ಐದು ತಿಂಗಳು ಮುಟ್ಟಲಿಲ್ಲ. ಬಸಿಯಲ್ಲಿ ಚಹಾ ಹಾಕಿಕೊಂಡು ಒಂದು ಹನಿಯೂ ಚೆಲ್ಲದಂತೆ ಕುಡಿಯೋದನ್ನು ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೊನ್ನೆ ನೆಂಟರ ಮದುವೆಯಲ್ಲಿ ಮತ್ತೆ ಕುಡಿದರು. ಬೆಳಿಗ್ಗೆ ನನ್ನ ಮುಖ ನೋಡಲಿಲ್ಲ. ನಾನು ಬೈಯಲಿಲ್ಲ. "ಅಪ್ಪ, ಮಂಗಳವಾರ ಡಾಕ್ಟರ ಹತ್ರ ಹೋಗೋಣೇನ್ರಿ?" ಅಂದೆ. ಸುಮಾರು ಹೊತ್ತು ಸುಮ್ನೆ ಕೂತು, "ಅಂಗಿ ಒಗದ್ ಇಡು" ಅಂದರು.