ಲ್ಯಾಟೆಕ್ಸ್ ಹಾಸಿಗೆ ಕೊಳ್ಳುವ ಮುನ್ನ ನೋಡಬೇಕಾದದ್ದು ನಿಮ್ಮ ಮೈಯನ್ನು

ಲ್ಯಾಟೆಕ್ಸ್, ಎಂದರೆ ರಬ್ಬರ್ ನೊರೆಯಿಂದ ಮಾಡಿದ ಹಾಸಿಗೆ ಕೊಳ್ಳಲು ಹೊರಟ ಸ್ನೇಹಿತರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ನಾನು ಅವರನ್ನು ಎರಡು ಪ್ರಶ್ನೆ ಕೇಳುತ್ತೇನೆ: ನೀವು ರಾತ್ರಿಯ ಹೆಚ್ಚು ಹೊತ್ತು ಮಲಗುವುದು ಮಗ್ಗುಲಾಗಿಯೋ, ಅಂಗಾತವೋ, ಬೋರಲಾಗಿಯೋ? ನಿಮ್ಮ ಮೈತೂಕ ಎಷ್ಟು? ಈ ಎರಡಕ್ಕೆ ಉತ್ತರವಿಲ್ಲದೆ ದರ, ದಪ್ಪ, ವಾರಂಟಿಗಳನ್ನು ಎಷ್ಟು ಹೋಲಿಸಿದರೂ ಹೊಂದುವ ಹಾಸಿಗೆ ಸಿಗುವುದು ಅದೃಷ್ಟಕ್ಕೆ ಬಿಟ್ಟ ವಿಷಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆನ್ನುನೋವಿಗೆ ಹಾಸಿಗೆ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಹಳ ಹಳೆಯದು. ಬಹಳ ಕಾಲದಿಂದ ಸೊಂಟನೋವಿದ್ದ 313 ಜನರನ್ನು ಒಳಗೊಂಡು ಸ್ಪೇನ್‌ನಲ್ಲಿ ನಡೆದ, 2003ರಲ್ಲಿ 'ದ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿತು. ಗಟ್ಟಿ ಹಾಸಿಗೆಯಲ್ಲಿ ಮಲಗಿದವರಿಗಿಂತ ಮಧ್ಯಮ ಗಡಸಿನ ಹಾಸಿಗೆಯಲ್ಲಿ ಮಲಗಿದವರಿಗೆ ಮಲಗಿರುವಾಗಿನ ನೋವೂ ಏಳುವಾಗಿನ ನೋವೂ ಹೆಚ್ಚು ತಗ್ಗಿದ್ದವು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬೆನ್ನಿಗೆ ಬೇಕಾದದ್ದು ಆಧಾರ, ಎಂದರೆ ಬೆನ್ನೆಲುಬು ತನ್ನ ಸಹಜ ಬಾಗಿನಲ್ಲಿ ಉಳಿಯುವುದು. ಮೇಲ್ಮೈ ಗಡಸಾಗಿದ್ದ ಮಾತ್ರಕ್ಕೆ ಆ ಆಧಾರ ಸಿಗುವುದಿಲ್ಲ. ಬಹಳ ಗಡಸಾದ ಹಾಸಿಗೆಯ ಮೇಲೆ ಅಂಗಾತ ಮಲಗಿದಾಗ ಸೊಂಟದ ಕೆಳಗೆ ಖಾಲಿ ಜಾಗ ಉಳಿದು, ಅಲ್ಲಿನ ಸ್ನಾಯುಗಳು ನಿದ್ದೆಯಲ್ಲೂ ಬಿಗಿದುಕೊಂಡೇ ಇರಬೇಕಾಗುತ್ತದೆ.

ಮಗ್ಗುಲಾಗಿ ಮಲಗುವವರ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಅವರ ಭಾರವೆಲ್ಲ ಭುಜ ಮತ್ತು ಸೊಂಟದ ಮೂಳೆ ಎಂಬ ಎರಡು ಕಿರಿದಾದ ಜಾಗಗಳ ಮೇಲೆ ಬೀಳುತ್ತದೆ. ಭುಜ ಹಾಸಿಗೆಯೊಳಗೆ ಸಾಕಷ್ಟು ಇಳಿಯದಿದ್ದರೆ ಕತ್ತು ಓರೆಯಾಗುತ್ತದೆ, ತೋಳು ಜೋಮು ಹಿಡಿಯುತ್ತದೆ, ನಿದ್ದೆಯಲ್ಲಿಯೇ ಮತ್ತೆ ಮತ್ತೆ ಮಗ್ಗುಲು ಬದಲಿಸಬೇಕಾಗುತ್ತದೆ. ಇಂಥವರಿಗೆ ಕೆಳಗೆ ಗಟ್ಟಿಯಾದ ತಿರುಳು, ಅದರ ಮೇಲೆ ಐದರಿಂದ ಏಳೂವರೆ ಸೆಂಟಿಮೀಟರ್ ದಪ್ಪದ ಮೃದುವಾದ ಪದರ ಇರುವ ಹಾಸಿಗೆ ಹೊಂದುತ್ತದೆ. ಬೋರಲಾಗಿ ಮಲಗುವವರಿಗೆ ಇದರ ವಿರುದ್ಧವಾದದ್ದು ಬೇಕು. ಹೊಟ್ಟೆ ಮತ್ತು ಸೊಂಟ ಕೆಳಗೆ ಕುಸಿದರೆ ಬೆನ್ನು ಹಿಂದಕ್ಕೆ ಬಾಗುವುದರಿಂದ ಅವರಿಗೆ ಮೃದು ಪದರ ತೆಳುವಾಗಿದ್ದಷ್ಟೂ ಕ್ಷೇಮ. ಅಂಗಾತ ಮಲಗುವವರು ಈ ಎರಡರ ನಡುವೆ ಬರುತ್ತಾರೆ.

ಇದಕ್ಕೆ ಮೈತೂಕವನ್ನೂ ಸೇರಿಸಿ ಯೋಚಿಸಬೇಕು. ಐವತ್ತು ಕಿಲೋ ತೂಗುವವರಿಗೆ ಮಧ್ಯಮ ಎನಿಸದೆ ಗಡಸಾಗಿಯೇ ತೋರುವ ಹಾಸಿಗೆ, ತೊಂಬತ್ತೈದು ಕಿಲೋ ತೂಗುವವರಿಗೆ ಮೆತ್ತಗೆ ಎನಿಸಬಹುದು. ಏಕೆಂದರೆ ಹಗುರ ದೇಹ ಮೇಲಿನ ಪದರವನ್ನೇ ಪೂರ್ತಿ ಅದುಮುವುದಿಲ್ಲ, ಭಾರದ ದೇಹ ಅದನ್ನು ದಾಟಿ ತಿರುಳಿನವರೆಗೆ ಇಳಿಯುತ್ತದೆ. ಆದ್ದರಿಂದ 'ಸಾಫ್ಟ್', 'ಮೀಡಿಯಂ', 'ಫರ್ಮ್' ಎಂಬ ಚೀಟಿಗಳನ್ನು ನಂಬಿ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅದರ ಬದಲು ಐಎಲ್‌ಡಿ (ಇಂಡೆಂಟೇಶನ್ ಲೋಡ್ ಡಿಫ್ಲೆಕ್ಷನ್) ಎಂಬ ಗಡಸಿನ ಅಂಕಿಯನ್ನು ಕೇಳಿ. ಫೋಮನ್ನು ಅದರ ದಪ್ಪದ ಶೇಕಡ 25ರಷ್ಟು ಅದುಮಲು ಎಷ್ಟು ಪೌಂಡ್ ಬಲ ಬೇಕು ಎಂಬುದನ್ನು ಅದು ಹೇಳುತ್ತದೆ. ಸುಮಾರಾಗಿ 20ಕ್ಕಿಂತ ಕಡಿಮೆಯಿದ್ದರೆ ಮೃದು, 20ರಿಂದ 30ರ ನಡುವೆ ಮಧ್ಯಮ, ಅದಕ್ಕೂ ಮೇಲೆ ಗಡಸು ಎಂದು ತಿಳಿಯಬಹುದು. ಒಬ್ಬೊಬ್ಬ ತಯಾರಕರು ಅಳೆಯುವ ಕ್ರಮದಲ್ಲಿ ವ್ಯತ್ಯಾಸವಿರುವುದರಿಂದ ಒಂದೇ ಕಂಪನಿಯ ಹಾಸಿಗೆಗಳನ್ನು ಹೋಲಿಸಲು ಇದು ಹೆಚ್ಚು ಉಪಯುಕ್ತ. ಈ ಅಂಕಿಯನ್ನು ಪದರಪದರಕ್ಕೂ ಬಿಡಿಯಾಗಿ ಹೇಳಲು ಸಿದ್ಧವಿರುವ ಮಾರಾಟಗಾರರ ಮೇಲೆ ನನಗೆ ಹೆಚ್ಚು ವಿಶ್ವಾಸ.

ಲ್ಯಾಟೆಕ್ಸ್ ಫೋಮನ್ನು ತಯಾರಿಸುವ ಡನ್‌ಲಪ್ ಮತ್ತು ಟಾಲಲೇ ಎಂಬ ಎರಡು ವಿಧಾನಗಳ ಬಗ್ಗೆ ನಡೆಯುವ ವಾದವನ್ನೂ ಮೈಯ ಅಗತ್ಯಕ್ಕೆ ತಂದು ನೋಡಬೇಕು. 1929ರಲ್ಲಿ ರೂಪುಗೊಂಡ ಡನ್‌ಲಪ್ ವಿಧಾನದಲ್ಲಿ ರಬ್ಬರ್ ಹಾಲನ್ನು ನೊರೆ ಬರುವಂತೆ ಕಡೆದು ಅಚ್ಚಿಗೆ ಸುರಿದು ಬೇಯಿಸುತ್ತಾರೆ. ಗಟ್ಟಿಯಾಗುವಷ್ಟರಲ್ಲಿ ಭಾರದ ಕಣಗಳು ತಳಕ್ಕೆ ಇಳಿಯುವುದರಿಂದ ಹಾಸಿಗೆಯ ತಳಭಾಗ ಹೆಚ್ಚು ಸಾಂದ್ರವಾಗುತ್ತದೆ. ಟಾಲಲೇ ವಿಧಾನದಲ್ಲಿ ಅಚ್ಚನ್ನು ಪೂರ್ತಿ ತುಂಬದೆ, ಗಾಳಿಯನ್ನು ಹೊರಗೆಳೆದು ನೊರೆಯನ್ನು ಹಿಗ್ಗಿಸಿ, ಹೆಪ್ಪುಗಟ್ಟಿಸಿ, ಆಮೇಲೆ ಬೇಯಿಸುವುದರಿಂದ ಅದು ಹಗುರವಾಗಿ ಎಲ್ಲೆಡೆ ಒಂದೇ ಹದದಲ್ಲಿರುತ್ತದೆ. ನನ್ನ ಮಟ್ಟಿಗೆ ತಿರುಳಿಗೆ ಡನ್‌ಲಪ್ ಸಾಕು. ಟಾಲಲೇಗೆ ಹೆಚ್ಚಿನ ಹಣ ಕೊಡುವುದಾದರೆ ಮಗ್ಗುಲಾಗಿ ಮಲಗುವವರ ಮೇಲ್ಪದರಕ್ಕೆ ಮಾತ್ರ ಕೊಡಬೇಕು.

'ನ್ಯಾಚುರಲ್' ಎಂದು ಬರೆದಿದ್ದರೆ ಅದಕ್ಕೆ ಆಧಾರ ಕೇಳಿ. ಸ್ಟೈರೀನ್ ಮತ್ತು ಬ್ಯೂಟಡೈಯೀನ್‌ನಿಂದ ಮಾಡಿದ ಕೃತಕ ಲ್ಯಾಟೆಕ್ಸನ್ನು ಬೆರೆಸುವುದು ಸಾಮಾನ್ಯ. ಬೆರೆಸಿದ್ದನ್ನು ಹೇಳದಿರುವುದು ಮಾತ್ರ ತಪ್ಪು. ಜಿಒಎಲ್‌ಎಸ್ (ಗ್ಲೋಬಲ್ ಆರ್ಗ್ಯಾನಿಕ್ ಲ್ಯಾಟೆಕ್ಸ್ ಸ್ಟ್ಯಾಂಡರ್ಡ್) ಪ್ರಮಾಣಪತ್ರ ಪಡೆಯಲು ಕನಿಷ್ಠ ಶೇಕಡ 95ರಷ್ಟು ಸಾವಯವ ಲ್ಯಾಟೆಕ್ಸ್ ಇರಬೇಕು. ಓಯೆಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಇನ್ನೊಂದು ಪ್ರಮಾಣಪತ್ರ ಹಾನಿಕರ ವಸ್ತುಗಳ ಪರೀಕ್ಷೆಯೇ ಹೊರತು ಲ್ಯಾಟೆಕ್ಸ್ ನೈಸರ್ಗಿಕ ಎಂಬುದಕ್ಕೆ ಸಾಕ್ಷಿಯಲ್ಲ. ಈ ಎರಡರಲ್ಲಿ ಯಾವುದೂ ಹಾಸಿಗೆ ನಿಮ್ಮ ಮೈಗೆ ಹೊಂದುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಲ್ಯಾಟೆಕ್ಸ್ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಇದರ ಹತ್ತಿರ ಹೋಗಬಾರದು.

ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ನೀವು ನಿತ್ಯ ಮಲಗುವ ಭಂಗಿಯಲ್ಲಿ, ನಿಮ್ಮದೇ ದಿಂಬಿನಷ್ಟು ಎತ್ತರದ ದಿಂಬನ್ನಿಟ್ಟು, ಕಾಲು ಗಂಟೆಯಾದರೂ ಸಂಕೋಚಪಡದೆ ಮಲಗಿ ನೋಡಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ಸಲೀಸಾಗಿ ತೂರಿದರೆ ಹಾಸಿಗೆ ಗಡಸಾಯಿತು; ಮಗ್ಗುಲಾದಾಗ ಜೊತೆಗಿರುವವರು ಹಿಂದಿನಿಂದ ನೋಡಿ, ಕತ್ತಿನಿಂದ ಸೊಂಟದವರೆಗೆ ಬೆನ್ನೆಲುಬು ನೇರ ಗೆರೆಯಲ್ಲಿದೆಯೇ ಎಂದು ಹೇಳಲಿ. ಇಬ್ಬರು ಮಲಗುವ ಹಾಸಿಗೆಯಾದರೆ ಇಬ್ಬರೂ ಒಟ್ಟಿಗೆ ಮಲಗಿ ನೋಡಬೇಕು. ಇಬ್ಬರ ತೂಕದಲ್ಲಿ ಬಹಳ ಅಂತರವಿದ್ದರೆ ಒಂದೇ ಕವರಿನೊಳಗೆ ಎಡಕ್ಕೊಂದು, ಬಲಕ್ಕೊಂದು ಹದದ ಪದರಗಳಿರುವ ಹಾಸಿಗೆಯೇ ಸೂಕ್ತ.

ಕೊಂಡ ಮೇಲೆ ಅದನ್ನು ಬಿಸಿಲಿಗೆ ಹಾಕಬೇಡಿ, ಬಿಸಿಲಿನ ಅತಿನೇರಳೆ ಕಿರಣಗಳಿಗೆ ರಬ್ಬರ್ ಒಣಗಿ ಪುಡಿಯಾಗುತ್ತದೆ. ಕೆಳಗಿನ ಮಂಚಕ್ಕೆ ಗಾಳಿಯಾಡುವಂತಿರಬೇಕು, ಆದರೆ ಪಟ್ಟಿಗಳ ನಡುವಣ ಸಂದು ಏಳೆಂಟು ಸೆಂಟಿಮೀಟರ್ ಮೀರಬಾರದು.

ಸಾಧ್ಯವಿದ್ದರೆ ಜಿಪ್ ತೆಗೆದು ಪದರ ಬದಲಿಸಬಹುದಾದ ಹಾಸಿಗೆಯನ್ನೇ ಆರಿಸಿ, ಪದರವನ್ನಷ್ಟೇ ಬದಲಿಸಿಕೊಡುತ್ತಾರೆಯೇ ಎಂದು ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ. ಕೆಲವು ವಾರ ಮಲಗಿದ ಮೇಲೂ ಭುಜ ನೋಯುತ್ತಿದ್ದರೆ ಮೇಲಿನ ಪದರ ಇನ್ನಷ್ಟು ಮೃದುವಾಗಬೇಕು. ಬೆಳಗ್ಗೆ ಸೊಂಟ ಹಿಡಿದುಕೊಂಡಿದ್ದು, ಎದ್ದು ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಸೊಂಟ ಹೆಚ್ಚು ಕುಸಿಯುತ್ತಿರಬಹುದು, ಆಗ ಬದಲಿಸಬೇಕಾದದ್ದು ಕೆಳಗಿನ ಪದರವನ್ನು.